ಗಾಲ್ಫ್ ಪ್ರೈಡ್ ಟೂರ್ ವೆಲ್ವೆಟ್ ಗ್ರಿಪ್: ಮಾರ್ಚಿಂದ ಮಾರ್ಚ್‌ವರೆಗೆ ಬಳಸಿ ನೋಡಿದ್ದು

ಡ್ರೈವರ್ (ದೂರ ಹೊಡೆಯೋಕೆ ಬಳಸೋ ಗಾಲ್ಫ್ ಕೋಲು) ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದಾರೆ, ಬಾಲ್ ಬಗ್ಗೆನೂ ಬರೀತಾರೆ, ಆದ್ರೆ ಗ್ರಿಪ್, ಅಂದ್ರೆ ಕ್ಲಬ್ಬಿನ (ಗಾಲ್ಫ್ ಕೋಲಿನ) ಹಿಡಿಕೆಗೆ ಹಾಕೋ ರಬ್ಬರ್ ಕವಚ, ಅದರ ಬಗ್ಗೆ ಕನ್ನಡದಲ್ಲಿ ಯಾರಾದ್ರೂ ಬರೆದಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ಕೂತು ಬರೀತಿದೀನಿ, ಸ್ವಲ್ಪ ಉದ್ದ ಆಗಬಹುದು.

ನಾನು ಬೆಂಗಳೂರಲ್ಲಿ ಗಾಲ್ಫ್ ಹೇಳ್ಕೊಡೋ ಪ್ರೋ. ಚಿಕ್ಕ ಹುಡುಗ ಇದ್ದಾಗ ಕ್ಯಾಡಿಯಾಗಿ ಬ್ಯಾಗ್ ಹೊತ್ತೆ, ಆಮೇಲೆ ಕೆಲವು ವರ್ಷ ಟೂರ್ನಮೆಂಟ್ ಅಂತ ರೈಲಲ್ಲಿ ಊರೂರು ಸುತ್ತಿದೆ, ಈಗ ಬೆಳಗ್ಗೆ ಆರಕ್ಕೆ ರೇಂಜಿಗೆ, ಅಂದ್ರೆ ಪ್ರಾಕ್ಟೀಸ್ ಮೈದಾನಕ್ಕೆ ಬಂದ್ರೆ ಹನ್ನೊಂದರವರೆಗೂ ಪಾಠ, ಸಾಯಂಕಾಲ ಮತ್ತೆ ಮಕ್ಕಳು. ಹೋದ ವರ್ಷ ಮಾರ್ಚಲ್ಲಿ ನನ್ನ ಸೆಟ್ಟಿನ 13 ಕ್ಲಬ್ಬಿಗೂ ಹೊಸ ಟೂರ್ ವೆಲ್ವೆಟ್ ಹಾಕಿದೆ. ಬ್ಯಾಗಲ್ಲಿ 14 ಇಟ್ಕೋಬಹುದು ಅಂತ ರೂಲ್ ಇರೋದು, ಹದಿನಾಲ್ಕನೇದು ಬಾಲನ್ನ ಗುಳಿಗೆ ಉರುಳಿಸೋ ಪಟರ್, ಅದರ ಗ್ರಿಪ್ಪೇ ಬೇರೆ, ಮುಂದುಗಡೆ ಚಪ್ಪಟೆ ಇರತ್ತೆ, ಅದನ್ನ ನಾನು ಮುಟ್ಟಿಲ್ಲ. ಈಗ ವರ್ಷ ತುಂಬಿದೆ. ಬೇಸಿಗೆ, ಮಳೆ, ಇಬ್ಬನಿ ಎಲ್ಲಾ ನೋಡಿದ ಗ್ರಿಪ್ ಇದು.

ಮೊದಲು ಒಂದು ವಿಷಯ ಹೇಳ್ಬಿಡ್ತೀನಿ. ಜನ ಡ್ರೈವರಿಗೆ ಅರ್ಧ ಲಕ್ಷ ಹಾಕ್ತಾರೆ, ಶೂಗೆ ಹಾಕ್ತಾರೆ, ಗ್ರಿಪ್ ಮಾತ್ರ ಕ್ಲಬ್ ತಗೊಂಡಾಗ ಏನಿತ್ತೋ ಅದೇ, ಐದಾರು ವರ್ಷ ಆದ್ರೂ ಅದೇ. ಆದ್ರೆ ನಿಮ್ಮ ಮೈಗೂ ಕ್ಲಬ್ಬಿಗೂ ಇರೋ ಸಂಬಂಧ ಅಂದ್ರೆ ಆ ಹತ್ತೂವರೆ ಇಂಚಿನ ರಬ್ಬರ್ ಒಂದೇ, ಬೇರೆ ಏನೂ ಇಲ್ಲ. ಅದು ಜಾರಕ್ಕೆ ಶುರು ಆದ್ರೆ ಕೈ ತಾನಾಗೇ ಬಿಗಿ ಹಿಡಿಯತ್ತೆ, ನೀವು ಬೇಡ ಅಂದ್ರೂ ಹಿಡಿಯತ್ತೆ, ಬಿಗಿ ಹಿಡಿದ್ರೆ ಮೊಣಕೈವರೆಗೂ ನರ ಬಿಗಿಯಾಗತ್ತೆ, ಮಣಿಕಟ್ಟು ತಿರುಗಲ್ಲ, ಕ್ಲಬ್ಬಿನ ಮುಖ ತೆರೆದೇ ಇರತ್ತೆ, ಬಾಲ್ ಬಲಗಡೆ ಮರದೊಳಗೆ. ರೇಂಜಲ್ಲಿ ನಾನು ನೋಡೋ ಸ್ಲೈಸ್‌ಗಳಲ್ಲಿ, ಅಂದ್ರೆ ಹೀಗೆ ಬಲಕ್ಕೆ ತಿರುಗೋ ಹೊಡೆತಗಳಲ್ಲಿ, ಎಷ್ಟೋ ಶುರುವಾಗೋದೇ ಈ ಬಿಗಿ ಹಿಡಿತದಿಂದ.

ಜೂನಲ್ಲಿ ಒಬ್ಬರು ಬಂದ್ರು, ಬ್ಯಾಂಕಿಂದ ರಿಟೈರ್ ಆದ ಹಿರಿಯರು. ಹೊಸ ಡ್ರೈವರ್ ತಗೊಂಡಿದಾರೆ, ವಿಡಿಯೋ ನೋಡಿ ನೋಡಿ ನಿಲ್ಲೋ ಭಂಗಿ ಬದಲಾಯಿಸಿದಾರೆ, ಆದ್ರೂ ಎಲ್ಲಾ ಬಾಲೂ ಬಲಕ್ಕೆ. ನಾನು ಸ್ವಿಂಗ್ ನೋಡೋಕೆ ಮುಂಚೆ ಅವರ ಸೆವೆನ್ ಐರನ್ (ಮಧ್ಯಮ ದೂರಕ್ಕೆ ಹೊಡೆಯೋ ಕ್ಲಬ್) ಕೈಗೆ ತಗೊಂಡೆ. ಗ್ರಿಪ್ ದೋಸೆ ಕಾವಲಿ ಥರ ಮಿರಮಿರ ಮಿಂಚ್ತಾ ಇತ್ತು, ಎಡಗೈ ಹೆಬ್ಬೆರಳು ಕೂರೋ ಜಾಗದಲ್ಲಿ ಹುಣಸೆಬೀಜ ಹಿಡಿಯೋ ಅಷ್ಟು ಗುಳಿ. ಗ್ರಿಪ್ ಅಷ್ಟು ಸವೆದಿದ್ರೆ ಆ ಮನುಷ್ಯ ಎಷ್ಟು ಒತ್ತಿ ಹಿಡಿದಿದಾರೆ ಅಂತ ಹೇಳೋದೇ ಬೇಡ. "ಸಾರ್, ಇವತ್ತು ಪಾಠ ಬೇಡ, ಸೆಟ್ ಬಿಟ್ಟು ಹೋಗಿ, ನಾಡಿದ್ದು ಬನ್ನಿ" ಅಂದೆ. ಬೆರಳಿನ ಗಂಟು ನೋವು ಅಂತ ಹೇಳಿದ್ರಿಂದ ಒಂದು ಸೈಜ್ ದಪ್ಪ, ಮಿಡ್‌ಸೈಜ್ ಹಾಕಿದೆ. ಸ್ಲೈಸ್ ಮಾಯ ಆಯ್ತು ಅಂತ ಹೇಳಲ್ಲ, ಅದಕ್ಕೆ ಆಮೇಲೆ ಎರಡು ತಿಂಗಳು ಕೆಲಸ ಮಾಡಿದೀವಿ. ಆದ್ರೆ ಮೊದಲ ದಿನವೇ ಇಪ್ಪತ್ತು ಬಾಲ್ ಹೊಡೆದು ನಿಂತು "ಪ್ರೋ, ಕೈ ನೋಯ್ತಿಲ್ಲ ಕಣ್ರೀ" ಅಂದ್ರು. ನನಗೆ ಅವತ್ತಿನ ಫೀಸು ಅದೇ.

ಈಗ ಗ್ರಿಪ್ಪಿಗೆ ಬರ್ತೀನಿ. ಟೂರ್ ವೆಲ್ವೆಟ್ ಪೂರ್ತಿ ರಬ್ಬರ್, ಕಪ್ಪು, ನೋಡೋಕೆ ಏನೂ ವಿಶೇಷ ಇಲ್ಲ. ಮೇಲೆ ಪುಟ್ಟ ಪುಟ್ಟ ಪ್ಲಸ್ ಗುರುತುಗಳು, ಅಂಗೈ ಅದರ ಮೇಲೆ ಕೂತಾಗ ಹಿಡಿದ ಹಾಗೆ ಇರತ್ತೆ, ಚುಚ್ಚಲ್ಲ. ಗ್ರಿಪ್ಪಿನ ಬಾಯಿ ಒಳಗಡೆ M60R ಅಂತ ಬರೆದಿದ್ರೆ ಗಂಡಸರ ಸೈಜು, 0.600 ಇಂಚಿನ ಶಾಫ್ಟಿಗೆ (ಕ್ಲಬ್ಬಿನ ಉದ್ದ ಕಡ್ಡಿಗೆ), R ಅಂದ್ರೆ ಪೂರ್ತಿ ಗುಂಡು, ಹಿಂದುಗಡೆ ಏಣು ಇರಲ್ಲ. 58 ಅಂತ ಇದ್ರೆ ಒಳಗಿನ ತೂತು ಸಣ್ಣ, ಅದನ್ನೇ 60ರ ಶಾಫ್ಟಿಗೆ ಎಳೆದು ಹಾಕಿದ್ರೆ ಸ್ವಲ್ಪ ದಪ್ಪ ಆಗಿ ಕೂರತ್ತೆ. ತಗೊಳೋಕೆ ಮುಂಚೆ ಶಾಫ್ಟ್ ಅಳತೆ ನೋಡ್ಕೊಳ್ಳಿ. ತೂಕ ಸುಮಾರು 50 ಗ್ರಾಂ. ತೂಕ ಯಾಕೆ ಹೇಳ್ತಿದೀನಿ ಅಂದ್ರೆ ಹಳೇ ಗ್ರಿಪ್ಪಿಗಿಂತ ಐದು ಗ್ರಾಂ ಹೆಚ್ಚುಕಮ್ಮಿ ಆದ್ರೂ ಸ್ವಿಂಗ್‌ವೆಯ್ಟ್ (ಬೀಸುವಾಗ ಕ್ಲಬ್ಬಿನ ತಲೆ ಎಷ್ಟು ಭಾರ ಅನ್ಸತ್ತೆ ಅನ್ನೋ ಅಳತೆ) ಒಂದು ಪಾಯಿಂಟ್ ಬದಲಾಗತ್ತೆ, ಒಳ್ಳೇ ಆಟಗಾರರಿಗೆ ಅದು ಕೈಗೆ ಗೊತ್ತಾಗತ್ತೆ. ನನಗೆ ಒಂದಕ್ಕೆ ಎಂಟುನೂರರ ಆಸುಪಾಸು ಬಿತ್ತು.

ಮಾರ್ಚ್ ಏಪ್ರಿಲಲ್ಲಿ ಹೊಸ ರಬ್ಬರ್, ಚೆನ್ನಾಗೇ ಇರತ್ತೆ, ಅದನ್ನ ಹೊಗಳೋದ್ರಲ್ಲಿ ಏನಿದೆ. ನಿಜವಾದ ಪರೀಕ್ಷೆ ಬೆವರು. ಬೆವರು, ಸನ್‌ಸ್ಕ್ರೀನ್, ಧೂಳು ಮೂರೂ ಸೇರಿ ಪ್ಲಸ್ ಗುರುತುಗಳ ಸಂದಿಯಲ್ಲಿ ಕೂರತ್ತೆ, ಮೇ ಹೊತ್ತಿಗೆ ಜಾರ್ತಾ ಇದೆ ಅನ್ಸತ್ತೆ, ಸುಮಾರು ಜನ ಅಲ್ಲೇ ಗ್ರಿಪ್ ಹೋಯ್ತು ಅಂತ ತಿಳ್ಕೊಂಡುಬಿಡ್ತಾರೆ. ಹೋಗಿರಲ್ಲ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ, ಹಳೇ ಟೂತ್‌ಬ್ರಷ್ ತಗೊಂಡು ಮೇಲಿಂದ ಕೆಳಗೆ ಉಜ್ಜಿ, ಒರೆಸಿ, ನೆರಳಲ್ಲಿ ಒಣಗಿಸಿ. ನಾನು ಹದಿನೈದು ದಿನಕ್ಕೊಮ್ಮೆ ಮಾಡ್ತೀನಿ. ತೊಳೆದ ಮೇಲೆ ಹೊಸದರ ಹತ್ತಿರ ಬರತ್ತೆ, ಇದು ಈ ಗ್ರಿಪ್ಪಿನ ದೊಡ್ಡ ಗುಣ. ಕಾರ್ ಡಿಕ್ಕೀಲಿ ಮಾತ್ರ ಕ್ಲಬ್ ಬಿಡಬೇಡಿ, ಏಪ್ರಿಲ್ ಬಿಸಿಲಲ್ಲಿ ಡಿಕ್ಕಿ ಒಲೆ ಥರ ಕಾಯತ್ತೆ, ಯಾವ ರಬ್ಬರೂ ಅದನ್ನ ತಡ್ಕೊಳಲ್ಲ.

ಮಳೆಗಾಲ ಬೇರೆ ಮಾತು. ಜೂನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಗಾಲ್ಫ್ ಅಂದ್ರೆ ಆಕಾಶ ನೋಡ್ಕೊಂಡು ಆಡೋ ಆಟ. ಹುಲ್ಲು ಹುಚ್ಚೆದ್ದು ಬೆಳೆಯತ್ತೆ, ಗ್ರೀನಿಗೆ (ಗುಳಿ ಸುತ್ತಲಿನ ನುಣುಪು ಹುಲ್ಲಿಗೆ) ತೂತು ಹೊಡೆದು ಮರಳು ತುಂಬ್ತಾರೆ, ಬಾಲ್ ಉರುಳಲ್ಲ, ಬಿದ್ದಲ್ಲೇ ಹೂತುಹೋಗತ್ತೆ. ಮೊದಲು ಹೂತುಹೋದ ಬಾಲಿಗೆ ರಿಲೀಫ್ (ದಂಡ ಇಲ್ಲದೇ ಬಾಲ್ ಎತ್ತೋ ಅವಕಾಶ) ಅಂದ್ರೆ ಹುಲ್ಲು ಚಿಕ್ಕದಾಗಿ ಕತ್ತರಿಸಿದ ಕಡೆ ಮಾತ್ರ ಇತ್ತು, 2019ರಲ್ಲಿ ರೂಲ್ ಬದಲಾದ ಮೇಲೆ ರಫ್ಫಲ್ಲೂ (ಉದ್ದ ಹುಲ್ಲಲ್ಲೂ) ಎತ್ತಿ, ಒರೆಸಿ, ಮಂಡಿ ಎತ್ತರದಿಂದ ಡ್ರಾಪ್ ಮಾಡಬಹುದು, ಮಳೆಗಾಲದ ಆಟಕ್ಕೆ ಅದು ದೊಡ್ಡ ಉಪಕಾರ. ಆದ್ರೆ ಒದ್ದೆ ಕೈಗೆ ಯಾವ ರೂಲೂ ಇಲ್ಲ. ರಬ್ಬರ್ ಗ್ರಿಪ್ ನೆಂದ್ರೆ ಜಾರತ್ತೆ, ಟೂರ್ ವೆಲ್ವೆಟ್ ಕೂಡ ರಬ್ಬರೇ ತಾನೇ. ಸಣ್ಣ ತುಂತುರಿಗೆ ಪರವಾಗಿಲ್ಲ, ಜೋರು ಮಳೇಲಿ ನಾನು ಛತ್ರಿ ಕಡ್ಡಿಗೆ ಒಳಗಡೆ ಒಣ ಟವೆಲ್ ಸಿಕ್ಕಿಸಿರ್ತೀನಿ, ಪ್ರತಿ ಶಾಟಿಗೂ ಗ್ರಿಪ್ ಒರೆಸಿ ಆಮೇಲೆ ಛತ್ರಿ ಬಿಡೋದು. ಎರಡೂ ಕೈಗೆ ಹಾಕೋ ರೇನ್ ಗ್ಲೌಸ್ ಬರತ್ತೆ, ಅದು ಒದ್ದೆ ಆದಷ್ಟೂ ಚೆನ್ನಾಗಿ ಹಿಡಿಯತ್ತೆ, ಚರ್ಮದ ಗ್ಲೌಸನ್ನ ಮಳೇಲಿ ಮರೆತುಬಿಡಿ. ಮಳೇಲೇ ಹೆಚ್ಚು ಆಡೋರು, ಅಂಗೈ ತುಂಬಾ ಬೆವರೋರು ಇದೇ ಟೂರ್ ವೆಲ್ವೆಟ್ಟಲ್ಲಿ ಕಾರ್ಡ್ ಅಂತ ಬರತ್ತಲ್ಲ, ರಬ್ಬರೊಳಗೆ ಹತ್ತಿ ನೂಲು ಸೇರಿಸಿರೋದು, ಅದನ್ನ ನೋಡಿ. ಟೈಗರ್ ವುಡ್ಸ್ ಬಳಸ್ತಾ ಬಂದಿರೋದು ಆ ಕಾರ್ಡ್. ಒರಟು ಇರತ್ತೆ, ಮೆತ್ತನೆ ಕೈಯವರಿಗೆ ಮೊದಲ ವಾರ ಚರ್ಮ ಉರಿಯತ್ತೆ. ನನ್ನ ಹತ್ರ ಕಲಿಯೋ ಕೊಡಗಿನ ಹುಡುಗನೊಬ್ಬ ಇದಾನೆ, ರಜಕ್ಕೆ ಊರಿಗೆ ಹೋದ್ರೆ ಮಳೇಲೇ ಆಡಬೇಕು, ಅವನಿಗೆ ಕಾರ್ಡ್ ಹಾಕ್ಕೊಟ್ಟೆ, ಸರಿಹೋಯ್ತು.

ಅಕ್ಟೋಬರ್ ಕೊನೆ ಬಂತು ಅಂದ್ರೆ ನನ್ನ ಜೀವ ಹಗುರ ಆಗತ್ತೆ. ಫೇರ್‌ವೇ (ಹುಲ್ಲು ಕತ್ತರಿಸಿದ ಮುಖ್ಯ ದಾರಿ) ಒಣಗ್ತಾ ಬರತ್ತೆ, ಚಳಿಗೆ ಬರ್ಮುಡಾ ಹುಲ್ಲಿನ ಬೆಳವಣಿಗೆ ನಿಧಾನ ಆಗಿ ಗ್ರೀನ್ ಬಿರುಸಾಗತ್ತೆ, ಬೆಳಗ್ಗೆ ಮೊದಲ ಟೀಗೆ (ಆಟ ಶುರು ಮಾಡೋ ಜಾಗಕ್ಕೆ) ಹೋದ್ರೆ ಇಬ್ಬನಿ ಮೇಲೆ ನಮ್ಮದೇ ಹೆಜ್ಜೆ, ಪಟ್ ಮಾಡಿದ್ರೆ ಬಾಲ್ ಹೋದ ದಾರಿ ಗ್ರೀನಲ್ಲಿ ಗೆರೆ ಎಳೆದ ಹಾಗೆ ಕಾಣತ್ತೆ. ಪ್ರೊಫೆಷನಲ್ ಟೂರಿನ ಹುಡುಗರು ಆ ಹೊತ್ತಿಗೆ ವರ್ಷದ ಕೊನೇ ಲೆಕ್ಕಾಚಾರದಲ್ಲಿರ್ತಾರೆ, ಡಿಸೆಂಬರಲ್ಲಿ ಜಮ್‌ಶೆಡ್‌ಪುರದ ಟೂರ್ ಚಾಂಪಿಯನ್‌ಶಿಪ್ಪಿಗೆ ಹೋಗೋಕೆ ಮುಂಚೆ ಒಬ್ಬೊಬ್ಬರಾಗಿ ಗ್ರಿಪ್ ಬದಲಾಯಿಸೋಕೆ ಬರ್ತಾರೆ. ಅವರಿಗೆ ನಾನು ಹೇಳೋದು ಒಂದೇ, ಇನ್ನೂ ಎರಡು ವಾರ ಮುಂಚೆ ಬರ್ರಪ್ಪಾ ಅಂತ. ಹೊಸ ಗ್ರಿಪ್ ಕೈಗೆ ಒಗ್ಗೋಕೆ ಮೂರು ನಾಲ್ಕು ರೌಂಡ್ ಬೇಕು. ಇನ್ನೊಂದು, ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿ ತೆಳು, ಬಾಲ್ ಶೇ. 3ರಷ್ಟು ಜಾಸ್ತಿ ಹೋಗತ್ತೆ. ಇಲ್ಲಿ ಆಡಿ ಬೆಳೆದ ಹುಡುಗ ಕೋಲ್ಕತ್ತಕ್ಕೆ ಹೋಗಿ ಅದೇ ಸೆವೆನ್ ಐರನ್ ಹೊಡೆದಾಗ ನಾಲ್ಕೈದು ಗಜ ಕಮ್ಮಿ ಬೀಳತ್ತೆ, ಗಾಬರಿ ಬಿದ್ದು ಇನ್ನೂ ಬಿಗಿ ಹಿಡಿದು ಬೀಸ್ತಾನೆ, ಅಲ್ಲಿಗೆ ಆ ವಾರ ಮುಗೀತು. ನಾನೂ ಹಾಗೆ ವಾರಗಳನ್ನ ಕಳ್ಕೊಂಡಿದೀನಿ.

ಬಿಗಿ ಹಿಡಿಯದೇ ಆಡೋದು ಹೇಗೆ ಅಂತ ಮಕ್ಕಳು ಕೇಳಿದ್ರೆ ನಾನು ಅದಿತಿ ಅಶೋಕ್ ಆಟ ತೋರಿಸ್ತೀನಿ. ನಮ್ಮ ಬೆಂಗಳೂರಿನ ಹುಡುಗಿ, 2021ರ ಆಗಸ್ಟಲ್ಲಿ ಟೋಕಿಯೋ ಒಲಿಂಪಿಕ್ಸಲ್ಲಿ ನಾಲ್ಕನೇ ಸ್ಥಾನ. ದೂರ ಹೊಡೆಯೋದ್ರಲ್ಲಿ ಜೊತೆಗಿದ್ದವರಿಗಿಂತ ಎಷ್ಟೋ ಹಿಂದೆ, ಆದ್ರೆ ಗ್ರೀನ್ ಹತ್ರ ಬಂದ ಮೇಲೆ ಆ ಕೈ ನೋಡಬೇಕು, ಅಷ್ಟು ಒತ್ತಡದಲ್ಲೂ ಎಷ್ಟು ಸಡಿಲ. ಅವತ್ತು ಬೆಳಗ್ಗೆ ರೇಂಜಲ್ಲಿ ಪಾಠ ನಿಲ್ಲಿಸಿ ಕ್ಯಾಡಿಗಳು, ಮಾಲಿಗಳು ಎಲ್ಲಾ ಒಂದೇ ಫೋನಿಗೆ ತಲೆ ಹಾಕಿ ನೋಡಿದೀವಿ. ಅದಕ್ಕೂ ಮುಂಚೆ, 2009ರಲ್ಲಿ ಸಿ. ಮುನಿಯಪ್ಪ ಇಂಡಿಯನ್ ಓಪನ್ ಗೆದ್ರಲ್ಲ, ಬ್ಯಾಗ್ ಹೊತ್ತು ಮೇಲೆ ಬಂದವರು, ಅವತ್ತು ಕ್ಯಾಡಿ ಶೆಡ್ಡಲ್ಲಿದ್ದ ನಮಗೆಲ್ಲ ಆ ಕಪ್ಪು ನಮ್ಮದೇ ಅನ್ಸಿತ್ತು. ನನ್ನ ಹತ್ರ ಬರೋ ಕ್ಯಾಡಿ ಹುಡುಗರಿಗೆ ಗ್ರಿಪ್ ಹಾಕೋಕೆ ಕೂಲಿ ತಗೊಳ್ದೇ ಇರೋದು ಅದಕ್ಕೇ.

ಒಂದು ಕಡೆ ಮೋಸ ಹೋಗಿದೀನಿ, ಅದನ್ನೂ ಹೇಳ್ತೀನಿ. ಎರಡು ವರ್ಷದ ಹಿಂದೆ ಆನ್‌ಲೈನಲ್ಲಿ ಯಾರೋ ಒಬ್ಬ ಮಾರಾಟಗಾರನ ಹತ್ರ ಅರ್ಧ ಬೆಲೆಗೆ ಸಿಕ್ತು ಅಂತ ಹದಿನೈದು ಗ್ರಿಪ್ ತರಿಸಿದೆ. ಹೊರಗಿಂದ ನೋಡಿದ್ರೆ ಇದೇ. ಹಾಕೋವಾಗ ಎರಡು ಬಾಯಿ ಹತ್ರ ಸೀಳಿತು, ಉಳಿದವು ಒಂದು ತಿಂಗಳಿಗೆ ಬಿಳೀ ಗ್ಲೌಸಿಗೆ ಕಪ್ಪು ಹತ್ತಿಸೋಕೆ ಶುರು ಮಾಡಿದ್ವು, ಟೈರ್ ಸುಟ್ಟ ಹಾಗೆ ವಾಸನೆ. ನಕಲಿ ಮಾಲು. ಅದರಲ್ಲಿ ಆರು ಗ್ರಿಪ್ ಮಕ್ಕಳ ಕ್ಲಬ್ಬಿಗೆ ಹಾಕಿದ್ದೆ, ಎಲ್ಲಾ ಕಿತ್ತು ಮತ್ತೆ ಹಾಕಬೇಕಾಯ್ತು, ಅದು ಇವತ್ತಿಗೂ ನನಗೆ ಬೇಜಾರು. ಬೆಲೆ ತೀರಾ ಕಮ್ಮಿ ಇದ್ರೆ ಅನುಮಾನ ಪಡಿ, ಗೊತ್ತಿರೋ ಪ್ರೋ ಶಾಪಲ್ಲಿ ಕೈಲಿ ಹಿಡಿದು ನೋಡಿ ತಗೊಳ್ಳಿ.

ಹಾಕೋದು ಕಷ್ಟ ಇಲ್ಲ, ಮನೇಲೇ ಮಾಡಬಹುದು. ಕೊಕ್ಕೆ ಥರ ಬಾಗಿರೋ ಬ್ಲೇಡಲ್ಲಿ ಹಳೇ ಗ್ರಿಪ್ಪನ್ನ ಮೈಯಿಂದ ಆಚೆ ಕಡೆಗೆ ಉದ್ದಕ್ಕೆ ಸೀಳಿ, ಗ್ರಾಫೈಟ್ ಶಾಫ್ಟ್ ಆದ್ರೆ ನೇರ ಬ್ಲೇಡ್ ಬೇಡವೇ ಬೇಡ, ನಾರು ಕುಯ್ದುಹೋದ್ರೆ ಶಾಫ್ಟೇ ಹೋಯ್ತು. ಹಳೇ ಟೇಪ್ ಕೆರೆದು ತೆಗೀರಿ, ಇದೇ ಹೆಚ್ಚು ಹೊತ್ತು ಹಿಡಿಯೋ ಕೆಲಸ. ಹೊಸ ಡಬಲ್ ಸೈಡ್ ಟೇಪ್ ಸುತ್ತಿ, ತುದೀಲಿ ಅರ್ಧ ಇಂಚು ಬಿಟ್ಟು ಶಾಫ್ಟಿನ ತೂತಿನೊಳಗೆ ಮಡಚಿ. ಗ್ರಿಪ್ಪಿನ ಹಿಂದಿನ ಸಣ್ಣ ತೂತನ್ನ ಗಾಲ್ಫ್ ಟೀ (ಬಾಲ್ ಇಡೋ ಕಡ್ಡಿ) ಚುಚ್ಚಿ ಮುಚ್ಚಿ, ಪೇಂಟ್ ಅಂಗಡೀಲಿ ಸಿಗೋ ಮಿನರಲ್ ಟರ್ಪೆಂಟೈನ್ ಒಳಗೆ ಹುಯ್ದು, ಬಾಯಿ ಮುಚ್ಚಿ ಅಲ್ಲಾಡಿಸಿ, ಅದನ್ನೇ ಟೇಪ್ ಮೇಲೆ ಸುರಿದು, ನಿಲ್ಲಿಸದೇ ಒಂದೇ ಉಸಿರಿಗೆ ತಳ್ಳಿ. ಅರ್ಧದಲ್ಲಿ ನಿಂತ್ರೆ ಅಲ್ಲೇ ಹಿಡ್ಕೊಳತ್ತೆ. ಕೂತ ಮೇಲೆ ಒಂದು ನಿಮಿಷದೊಳಗೆ ಕ್ಲಬ್ಬಿನ ಮುಖಕ್ಕೆ ನೇರ ಇದೆಯಾ ನೋಡಿ ತಿರುಗಿಸಿ. ಕಿಟಕಿ ತೆಗೆದಿರಲಿ, ಹತ್ರ ಬೆಂಕಿ ಇರಬಾರದು. ರಾತ್ರಿ ಪೂರ್ತಿ ಒಣಗಲಿ, ಮಾರನೇ ದಿನ ಆಡಿ.

ವರ್ಷದ ಕೊನೆಗೆ ನನ್ನ ಸೆಟ್ಟಿನ ಸ್ಥಿತಿ: ಡ್ರೈವರ್, ವುಡ್ ಇನ್ನೂ ಚೆನ್ನಾಗಿವೆ, ಉದ್ದ ಐರನ್ ಕೂಡ. ಸೆವೆನ್ ಐರನ್ನೂ ಸ್ಯಾಂಡ್ ವೆಜ್ಜೂ (ಮರಳಿಂದ ಎತ್ತಿ ಹೊಡೆಯೋ ಕ್ಲಬ್) ಪೂರ್ತಿ ಸವೆದಿವೆ, ಪಾಠ ಹೇಳೋವಾಗ ದಿನಾ ಕೈಲಿರೋದು ಅವೇ ಎರಡು. ವರ್ಷಕ್ಕೊಮ್ಮೆ ಇಲ್ಲಾ 40 ರೌಂಡಿಗೊಮ್ಮೆ ಬದಲಾಯಿಸಿ ಅಂತ ಕಂಪನಿ ಹೇಳತ್ತೆ, ವಾರಕ್ಕೊಂದು ರೌಂಡ್ ಆಡೋರಿಗೆ ಅದು ಸರಿಯಾದ ಲೆಕ್ಕವೇ, ತೊಳೀತಾ ಇದ್ರೆ ಇನ್ನೂ ಆರು ತಿಂಗಳು ಎಳೀಬಹುದು. ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಆ ಅರ್ಧ ಮಳೆಗೆ ಬಿಟ್ಟಿದ್ದು. ಮತ್ತೆ ಇದನ್ನೇ ತಗೊಂಡಿದೀನಿ.

ಹೊಸ ಡಬ್ಬ ನಿನ್ನೆ ಬಂತು. ಸಾಯಂಕಾಲ ನನ್ನ ಸ್ಯಾಂಡ್ ವೆಜ್ಜಿಗೆ ಮೊದಲು ಹಾಕಿದೆ, ಸೆವೆನ್ ಐರನ್ ಇನ್ನೂ ಹಾಗೇ ಇದೆ. ಕ್ಯಾಡಿ ಹುಡುಗ ಒಬ್ಬ ಯಾರೋ ಕೊಟ್ಟ ಹಳೇ ಸೆವೆನ್ ಐರನ್ ತಂದು ಇಟ್ಟು ಹೋಗಿದಾನೆ, ನಾಳೆ ಬೆಳಗ್ಗೆ ಆರಕ್ಕೆ ಬರ್ತಾನೆ, ಅವನದು ಈಗ ಒಣಗ್ತಾ ಇದೆ.