ಹಾಸನದಲ್ಲಿ ಹಿರಿಯರಿಗೆ ಕನ್ನಡದಲ್ಲೇ ಕಂಪ್ಯೂಟರ್ ಕ್ಲಾಸು: ವರ್ಷದ ಮೇಲೆ ಹೋದವಳ ಅನುಭವ

ಹಾಸನದ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ನಡೆಯುವ ಈ ಕ್ಲಾಸಿಗೆ ವರ್ಷದ ಮೇಲಾಯಿತು, ಹೋಗುತ್ತಿದ್ದೇನೆ. ಇಂಗ್ಲಿಷ್ ಬಾರದ, ಅರವತ್ತು ದಾಟಿದ ಯಾರೇ ಆಗಲಿ ಧೈರ್ಯವಾಗಿ ಸೇರಬಹುದು. ಕೊರತೆಗಳೂ ಇವೆ, ಅದನ್ನೂ ಬರೆಯುತ್ತೇನೆ.

ನಮ್ಮ ವಯಸ್ಸಿನವರನ್ನು ಕೂರಿಸಿಕೊಂಡು ಕಲಿಸುವವರು ಕಡಿಮೆ. ಕೇಂದ್ರ ಸರ್ಕಾರ 2017ರಲ್ಲಿ ಹಳ್ಳಿಯವರಿಗೆ ಅಂತ ಡಿಜಿಟಲ್ ಸಾಕ್ಷರತಾ ಅಭಿಯಾನ ಶುರು ಮಾಡಿತಲ್ಲ, 20 ಗಂಟೆಯ ತರಬೇತಿ, ಅದಕ್ಕೂ 14ರಿಂದ 60 ವರ್ಷದವರಿಗೆ ಮಾತ್ರ ಅವಕಾಶ ಇತ್ತು. ಪೆನ್ಷನ್, ಪಹಣಿ, ಕರೆಂಟ್ ಬಿಲ್ಲು ಎಲ್ಲ ಆನ್‌ಲೈನ್ ಆದಾಗ ಅರವತ್ತು ದಾಟಿದವರನ್ನೇನೂ ಬಿಟ್ಟಿಲ್ಲ ಅಲ್ವಾ? ಮತ್ತೆ ಕಲಿಸುವಾಗ ಮಾತ್ರ ಯಾಕೆ ಬಿಡಬೇಕು?

ಇಲ್ಲಿ ಫೀಸು ಇಲ್ಲ. ಪ್ರಿಂಟ್ ತೆಗೆದರೆ ಮಾತ್ರ ದುಡ್ಡು.

ನನಗೆ ತುಂಬಾ ಹಿಡಿಸಿದ್ದು ಕನ್ನಡ ಟೈಪಿಂಗ್ ಕಲಿಸಿದ ರೀತಿ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ, ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಇರುವುದು ಅದೇ. ಒಂದೊಂದು ಕೀ ಮೇಲೂ ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸಿದ್ದಾರೆ, ಹಾಗಾಗಿ ಎಬಿಸಿಡಿ ಗೊತ್ತಿಲ್ಲದವರೂ ಹುಡುಕಿ ಒತ್ತುತ್ತಾರೆ. ಹ, ಶಿಫ್ಟ್ ಹಿಡಿದು ದೀರ್ಘ, ಸ, ನ. ಅಷ್ಟಕ್ಕೇ ತೆರೆ ಮೇಲೆ 'ಹಾಸನ' ಅಂತ ಬರುತ್ತದೆ. ಒತ್ತಕ್ಷರಕ್ಕೆ ನಡುವೆ ಎಫ್ ಕೀ ಒತ್ತಬೇಕು, 'ಅಕ್ಕ' ಬರೆಯಲು ಅ, ಕ, ಎಫ್, ಕ. ಎಫ್ ಕೀಗೆ ಕೆಂಪು ಚುಕ್ಕಿ ಅಂಟಿಸಿರುವುದು ಎಷ್ಟು ಒಳ್ಳೆ ಉಪಾಯ ಅಂತ ಕಣ್ಣು ಮಂಜಾದವರಿಗೇ ಗೊತ್ತು. ನನ್ನ ಪಕ್ಕ ಕೂರುತ್ತಿದ್ದ ಅಜ್ಜಿ ಮೊಮ್ಮಗಳ ಹೆಸರನ್ನು ತಾವೇ ಟೈಪ್ ಮಾಡಿ, ಅಕ್ಷರ ದೊಡ್ಡದು ಮಾಡಿ, ಪ್ರಿಂಟ್ ತೆಗೆಸಿಕೊಂಡು ಹೋದರು.

ಡಬಲ್ ಕ್ಲಿಕ್ ಎಲ್ಲರಿಗೂ ಕಷ್ಟ. ಕೈ ನಡುಗಿದರೆ ಎರಡು ಕ್ಲಿಕ್ ನಡುವೆ ಮೌಸ್ ಜರುಗಿಬಿಡುತ್ತದೆ. ಹೇಳಿಕೊಡುವ ಹುಡುಗಿ ಗದರಲಿಲ್ಲ, ಸೆಟ್ಟಿಂಗ್ಸ್‌ಗೆ ಹೋಗಿ ಡಬಲ್ ಕ್ಲಿಕ್ ವೇಗ ಕಡಿಮೆ ಮಾಡಿ, ಬಾಣದ ಗುರುತು ದೊಡ್ಡದು ಮಾಡಿ ಕೊಟ್ಟಳು. ಕಂಪ್ಯೂಟರೇ ನಮಗೆ ತಕ್ಕಂತೆ ಬದಲಾಗುತ್ತದೆ ಅಂತ ಆವತ್ತು ಗೊತ್ತಾಯಿತು.

ಇನ್ನೊಂದು ಒಳ್ಳೆಯದು, ಅವರವರ ಸ್ವಂತ ಕೆಲಸವನ್ನೇ ಪಾಠ ಮಾಡುತ್ತಾರೆ. ಆಲೂರಿನ ಕಡೆಯಿಂದ ಬರುವ ರೈತರೊಬ್ಬರು ಪಹಣಿ ನೋಡುವ ಸರ್ಕಾರದ ಭೂಮಿ ವೆಬ್‌ಸೈಟಿನಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಅಂತ ಒಂದೊಂದಾಗಿ ಆರಿಸುತ್ತಾ ಹಿಸ್ಸಾ ನಂಬರಿಗೆ, ಅಂದರೆ ಸರ್ವೆ ನಂಬರಿನೊಳಗಿನ ಪಾಲಿನ ನಂಬರಿಗೆ, ಬಂದು ನಿಂತುಬಿಟ್ಟಿದ್ದರು. ಮಾರನೇ ಕ್ಲಾಸಿಗೆ ಹಳೆ ಪಹಣಿ ತಂದು ಅದರಲ್ಲಿದ್ದ ಹಿಸ್ಸಾ ನಂಬರ್ ನೋಡಿ ಹಾಕಿದರು, ಹೊಲದ ವಿವರ ಪೂರ್ತಿ ಬಂತು. ನೋಡುವುದಕ್ಕೆ ದುಡ್ಡು ಕೊಡಬೇಕಿಲ್ಲ ಅಂತ ಅವರಿಗೆ ಅಲ್ಲಿಯವರೆಗೂ ಯಾರೂ ಹೇಳಿರಲಿಲ್ಲ! ನವೆಂಬರಿನಲ್ಲಿ ನಾನು ಫೋನಿನ ಕ್ಯಾಮೆರಾಗೆ ಮುಖ ತೋರಿಸಿ ಪೆನ್ಷನ್ನಿನ ಜೀವನ ಪ್ರಮಾಣ ಪತ್ರ ಕಳಿಸಿದೆ. ಬ್ಯಾಂಕಿನ ಸಾಲಿನಲ್ಲಿ ನಿಲ್ಲುವುದು ತಪ್ಪಿತು.

ಮೋಸದ ವಿಷಯವನ್ನು ಬಿಡದೆ ಹೇಳುತ್ತಾರೆ, ಹೇಳಲೇಬೇಕು. ದುಡ್ಡು ನಮ್ಮ ಖಾತೆಗೆ ಬರುವುದಕ್ಕೆ ಯುಪಿಐ ಪಿನ್ ಬೇಡ, ಪಿನ್ ಕೇಳಿದರೆ ಹೋಗುವುದು ನಮ್ಮ ದುಡ್ಡೇ. ಹಾಗೇನಾದರೂ ಹೋದರೆ ತಡಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಈ ನಂಬರನ್ನು ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದಾರೆ.

ಈಗ ಕೊರತೆಗಳು. ಮಳೆಗಾಲದಲ್ಲಿ ಕರೆಂಟ್ ಹೋದರೆ ಕ್ಲಾಸು ಮುಗಿದ ಹಾಗೇ, ಯುಪಿಎಸ್ ಕೆಟ್ಟು ಎಷ್ಟೋ ದಿನ ಆಯಿತು. ಹೊಸಬರು ಬಂದಾಗಲೆಲ್ಲ ಪಾಠ ಮೊದಲಿನಿಂದ ಶುರುವಾಗುತ್ತದೆ, ಹಳಬರು ಸುಮ್ನೆ ಕೂರಬೇಕು. ಎರಡು ಗುಂಪು ಮಾಡಿ ಅಂತ ಕೇಳುತ್ತಲೇ ಇದ್ದೇವೆ. ನನಗೆ ನಿಜವಾಗಿ ಬೇಸರ ತಂದಿದ್ದು ಹಳೆಯ ಫಾಂಟು. ಕೆಲವು ಕಂಪ್ಯೂಟರಿನಲ್ಲಿ ಇನ್ನೂ ಯೂನಿಕೋಡ್ (ಯಾವ ಫೋನು, ಕಂಪ್ಯೂಟರಿನಲ್ಲೂ ಅಕ್ಷರ ಸರಿಯಾಗಿ ಕಾಣುವ ಪದ್ಧತಿ) ಇಲ್ಲದ ಹಳೆ ನುಡಿ ಫಾಂಟ್ ಇದೆ. ಅದರಲ್ಲಿ ಕಷ್ಟಪಟ್ಟು ಬರೆದ ಪತ್ರವನ್ನು ವಾಟ್ಸಾಪಿಗೆ ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಮೊದಲ ಸಲ ಕಲಿಯುವವರು ಅದನ್ನು ನೋಡಿ ತಮಗೇ ಬರಲಿಲ್ಲ ಅಂತ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಮೊದಲ ದಿನದಿಂದಲೇ ಯೂನಿಕೋಡಿನಲ್ಲಿ ಕಲಿಸಿದರೆ ಈ ತೊಂದರೆಯೇ ಇರುವುದಿಲ್ಲ.

ಸೇರುವವರು ಆಧಾರ್‌ಗೆ ಜೋಡಿಸಿದ ನಂಬರ್ ಇರುವ ಫೋನನ್ನೇ ತನ್ನಿ, ಒಟಿಪಿ ಅದಕ್ಕೇ ಬರುವುದು. ಕನ್ನಡಕ ಮರೆಯಬೇಡಿ. ಸ್ಟಿಕ್ಕರ್ ಇರುವ ಕೀಬೋರ್ಡುಗಳು ಕಿಟಕಿ ಪಕ್ಕದ ಸಾಲಿನಲ್ಲಿ ಮಾತ್ರ ಇವೆ, ಸ್ವಲ್ಪ ಬೇಗ ಹೋಗಿ ಕೂತುಕೊಳ್ಳಿ.