ಫ್ಲೂಕ್ 789 ಪ್ರೊಸೆಸ್‌ಮೀಟರ್: ಉಷ್ಣ ವಿದ್ಯುತ್ ಸ್ಥಾವರದ ಸಿ ಆಂಡ್ ಐ (ಕಂಟ್ರೋಲ್ ಆಂಡ್ ಇನ್‌ಸ್ಟ್ರುಮೆಂಟೇಶನ್) ಕೆಲಸಕ್ಕೆ ಎಷ್ಟು ಒದಗುತ್ತದೆ?

ಕಲ್ಲಿದ್ದಲಿನ ಸ್ಥಾವರದಲ್ಲಿ ಎಲೆಕ್ಟ್ರಿಕಲ್ ಮತ್ತು ಇನ್‌ಸ್ಟ್ರುಮೆಂಟೇಶನ್ ಎರಡನ್ನೂ ನೋಡಿಕೊಳ್ಳುವ ತಂತ್ರಜ್ಞನು ಬೆಳಿಗ್ಗೆ 415 ವೋಲ್ಟ್‌ನ ಎಂಸಿಸಿ (ಮೋಟಾರ್ ಕಂಟ್ರೋಲ್ ಸೆಂಟರ್) ಪ್ಯಾನೆಲ್ ಮುಂದೆ ನಿಂತಿದ್ದರೆ ಮಧ್ಯಾಹ್ನ ಅಳತೆ ಮತ್ತು ನಿಯಂತ್ರಣದ ಸಂಕೇತ ಒಯ್ಯುವ ಯಾವುದೋ 4-20 ಮಿಲಿಆಂಪಿಯರ್ ಲೂಪ್‌ನ ಬೆನ್ನು ಹತ್ತಿರುತ್ತಾನೆ. ಒಂದಕ್ಕೆ ಮಲ್ಟಿಮೀಟರ್, ಇನ್ನೊಂದಕ್ಕೆ ಲೂಪ್ ಕ್ಯಾಲಿಬ್ರೇಟರ್ ಎಂದು ಎರಡೆರಡು ಉಪಕರಣ ಹೊತ್ತುಕೊಂಡು ಬಾಯ್ಲರ್‌ನ ಮೆಟ್ಟಿಲು ಹತ್ತುವವರಿಗೆ ಫ್ಲೂಕ್ 789ರ ಉಪಯೋಗವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದು ಎರಡೂ ಕೆಲಸಗಳನ್ನು ಒಂದೇ ಮೀಟರ್‌ನಲ್ಲಿ ಸೇರಿಸಿದೆ. 1000 ವೋಲ್ಟ್‌ವರೆಗೆ ಕ್ಯಾಟ್ 3 ಮತ್ತು 600 ವೋಲ್ಟ್‌ವರೆಗೆ ಕ್ಯಾಟ್ 4 ಸುರಕ್ಷತಾ ಶ್ರೇಣಿ ಇರುವುದರಿಂದ ಎಂಸಿಸಿ ಪ್ಯಾನೆಲ್‌ನಲ್ಲಾಗಲಿ 220 ವೋಲ್ಟ್ ಡಿಸಿ ಕಂಟ್ರೋಲ್ ಸಪ್ಲೈಯಲ್ಲಾಗಲಿ ಅಳುಕಿಲ್ಲದೆ ಬಳಸಬಹುದು.

ಇದರ ನಿಜವಾದ ಬೆಲೆ ತಿಳಿಯುವುದು ಕಂಟ್ರೋಲ್ ವಾಲ್ವ್‌ನ ಬಳಿ. ವಾರ್ಷಿಕ ಓವರ್‌ಹಾಲ್‌ನಲ್ಲಿ ಫೀಡ್ ವಾಟರ್ ವಾಲ್ವ್‌ನ ಸ್ಟ್ರೋಕ್ ಪರೀಕ್ಷಿಸುವಾಗ 4, 8, 12, 16, 20 ಮಿಲಿಆಂಪಿಯರ್‌ಗಳನ್ನು ಒಂದೊಂದಾಗಿ ಕೊಟ್ಟು ಕಾಂಡ (ವಾಲ್ವ್ ತೆರೆದು ಮುಚ್ಚುವ ದಂಡ) ಎಲ್ಲಿ ನಿಂತಿದೆ ಎಂದು ನೋಡುವುದು ರೂಢಿ. ಈ ಮೀಟರ್‌ನಲ್ಲಿ ಶೇ 25ರ ಹಂತಕ್ಕೆ ಪ್ರತ್ಯೇಕ ಗುಂಡಿ ಇದೆ. ಪರದೆಯ ಮೇಲೆ ಮಿಲಿಆಂಪಿಯರ್ ಜೊತೆಗೆ ಶೇಕಡಾವಾರು ಪ್ರಮಾಣವೂ ಕಾಣುತ್ತದೆ. ಆದರೆ ಹಂತ ಹಂತವಾಗಿ ಕೊಟ್ಟಾಗ ಸರಿಯಾಗಿಯೇ ಕಾಣುವ ವಾಲ್ವ್, ಪ್ರವಾಹವನ್ನು ನಿಲ್ಲಿಸದೆ ಏರಿಸುತ್ತ ಹೋಗುವ ನಿಧಾನ ಗತಿಯ ರ‍್ಯಾಂಪ್ ಹಾಕಿದಾಗ ಬೇರೆಯೇ ಕಥೆ ಹೇಳುವುದುಂಟು. ಕಾಂಡದ ಸುತ್ತ ಸೋರಿಕೆ ತಡೆಯುವ ಗ್ಲ್ಯಾಂಡ್ ಪ್ಯಾಕಿಂಗ್ ಅತಿಯಾಗಿ ಬಿಗಿದಿದ್ದರೆ ಕಾಂಡವು ಸ್ವಲ್ಪ ಹೊತ್ತು ಅಲುಗಾಡದೆ ನಿಂತು, ಗಾಳಿಯ ಒತ್ತಡ ಏರಿದ ಮೇಲೆ ಒಮ್ಮೆಲೇ ಜಿಗಿದು ಮತ್ತೆ ನಿಲ್ಲುತ್ತದೆ. ಆಟೋ ರ‍್ಯಾಂಪ್ ಹಾಕಿ ಎರಡೂ ಕೈ ಬಿಡುವು ಮಾಡಿಕೊಂಡು, ಕಾಂಡದ ಮೇಲೆ ಬೆರಳಿಟ್ಟು ಆ ಜಿಗಿತವನ್ನು ಗುರುತಿಸಲು ಸಾಧ್ಯವಾಗುವುದು ದೊಡ್ಡ ಅನುಕೂಲ. ವಾಲ್ವ್‌ನ ಸ್ಥಾನ ನಿಯಂತ್ರಿಸುವ ಪೊಸಿಷನರ್ ಕೆಟ್ಟಿದೆ ಎಂದು ಬದಲಾಯಿಸಲು ಹೊರಟವರು ಮೊದಲು ಇದನ್ನು ಮಾಡಿ ನೋಡುವುದು ಒಳಿತು.

ಹೊಸಬರಿಗೆ ತೊಡಕಾಗುವುದು ಸೋರ್ಸ್ ಮತ್ತು ಸಿಮ್ಯುಲೇಟ್ ಎಂಬ ಎರಡು ವಿಧಾನಗಳು. ಲೂಪ್‌ಗೆ ಬೇರೆ ವಿದ್ಯುತ್ ಇಲ್ಲದಿದ್ದರೆ ಮೀಟರ್ ತಾನೇ ಪ್ರವಾಹವನ್ನು ಕೊಡಬೇಕು, ಇದು ಸೋರ್ಸ್. ಡಿಸಿಎಸ್ (ಸ್ಥಾವರದ ಕಂಪ್ಯೂಟರ್ ನಿಯಂತ್ರಣ ವ್ಯವಸ್ಥೆ) ಕಡೆಯಿಂದ 24 ವೋಲ್ಟ್ ಬರುತ್ತಿದ್ದರೆ ಮೀಟರ್, ಅಳತೆಯನ್ನು ಪ್ರವಾಹವಾಗಿ ಕಳುಹಿಸುವ ಎರಡು ತಂತಿಯ ಟ್ರಾನ್ಸ್‌ಮಿಟರ್‌ನಂತೆ ವರ್ತಿಸಿ ಪ್ರವಾಹವನ್ನು ನಿಯಂತ್ರಿಸಿದರೆ ಸಾಕು, ಇದು ಸಿಮ್ಯುಲೇಟ್. ಇಲ್ಲಿ ಇದನ್ನು ಮೆನುವಿನಲ್ಲಿ ಆರಿಸುವುದಲ್ಲ, ಲೀಡ್‌ಗಳನ್ನು ಯಾವ ಜ್ಯಾಕ್‌ಗೆ ಸಿಕ್ಕಿಸಿದ್ದೇವೆ ಎಂಬುದೇ ನಿರ್ಧರಿಸುತ್ತದೆ. ರೂಢಿಯಾದ ಮೇಲೆ ಇದು ಸಲೀಸು.

ಒಳಗೇ ಇರುವ 24 ವೋಲ್ಟ್ ಲೂಪ್ ಸಪ್ಲೈ ಮತ್ತು 250 ಓಮ್ ರೋಧಕ ನನಗೆ ಬಹಳ ಹಿಡಿಸಿದ ಅಂಶಗಳು. ಲೂಪ್‌ನಲ್ಲಿ ಸಾಕಷ್ಟು ರೋಧ ಇಲ್ಲದಿದ್ದರೆ ಹಾರ್ಟ್ (HART, ಅದೇ ತಂತಿಗಳ ಮೇಲೆ ಸಾಗುವ ಡಿಜಿಟಲ್ ಸಂವಹನ) ಕಮ್ಯುನಿಕೇಟರ್ ಟ್ರಾನ್ಸ್‌ಮಿಟರ್ ಜೊತೆ ಮಾತನಾಡುವುದೇ ಇಲ್ಲ. ಅದಕ್ಕೆಂದೇ ಅಂಗಿಯ ಜೇಬಿನಲ್ಲಿ ಬಿಡಿ ರೋಧಕ ಇಟ್ಟುಕೊಂಡು ತಿರುಗುವ ಹಿರಿಯರು ಪ್ರತಿ ಸ್ಥಾವರದಲ್ಲಿಯೂ ಸಿಗುತ್ತಾರೆ! ವರ್ಕ್‌ಶಾಪಿನ ಮೇಜಿನ ಮೇಲೆ ಟ್ರಾನ್ಸ್‌ಮಿಟರ್ ಕಾನ್ಫಿಗರ್ ಮಾಡುವಾಗ ಈ ಒಂದು ಮೀಟರ್ ಇದ್ದರೆ ಪ್ರತ್ಯೇಕ ಪವರ್ ಸಪ್ಲೈಯೂ ಬೇಡ, ರೋಧಕವೂ ಬೇಡ. ಕಮ್ಯುನಿಕೇಟರ್ ಮಾತ್ರ ಬೇರೆಯೇ ಬೇಕು, ಏಕೆಂದರೆ 789 ತಾನಾಗಿ ಹಾರ್ಟ್ ಸಂದೇಶಗಳನ್ನು ಓದುವುದಿಲ್ಲ.

ಚಾಲನೆಯಲ್ಲಿರುವ ಘಟಕಕ್ಕೆ ಮಾತ್ರ ಇದನ್ನು ಮೊದಲ ಆಯ್ಕೆಯಾಗಿ ನಾನು ಹೇಳಲಾರೆ. ಮಿಲಿಆಂಪಿಯರ್ ಅಳೆಯಲು ಸಾಮಾನ್ಯವಾಗಿ ತಂತಿ ಬಿಚ್ಚಿ ಮೀಟರನ್ನು ಸರಣಿಯಲ್ಲಿ ಸೇರಿಸಬೇಕು, ಬಿಚ್ಚಿದ ಕ್ಷಣ ಪ್ರವಾಹ ಸೊನ್ನೆಗೆ ಬೀಳುತ್ತದೆ. ಬಾಯ್ಲರ್ ಡ್ರಮ್‌ನ ನೀರಿನ ಮಟ್ಟದಂಥ, ಮೂರರಲ್ಲಿ ಎರಡು ಚಾನೆಲ್‌ಗಳು ಅಪಾಯ ಸೂಚಿಸಿದರೆ ಟ್ರಿಪ್ ಮಾಡುವ ತರ್ಕದ ರಕ್ಷಣೆಯಲ್ಲಿ ಒಂದು ಚಾನೆಲ್ ಆಗಲೇ ಕೆಟ್ಟಿದ್ದರೆ, ಇನ್ನೊಂದನ್ನು ಮುಟ್ಟಿದೊಡನೆ ಘಟಕವೇ ಟ್ರಿಪ್ ಆಗಬಹುದು. ರಾಯಚೂರು ಸ್ಥಾವರದಲ್ಲಿ ಎಂಟರಲ್ಲಿ ಏಳು ಘಟಕಗಳು 210 ಮೆಗಾವ್ಯಾಟ್‌ನವು. ಆ ಗಾತ್ರದ ಒಂದು ಘಟಕ ಜಾಲದಿಂದ ಕಳಚಿಕೊಂಡರೆ ಆಗುವ ನಷ್ಟದ ಮುಂದೆ ಮೀಟರ್‌ನ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ಅಂಥಲ್ಲಿ ತಂತಿ ಬಿಚ್ಚದೆ ಅಳೆಯುವ ಫ್ಲೂಕ್ 771ರಂಥ ಮಿಲಿಆಂಪಿಯರ್ ಕ್ಲ್ಯಾಂಪ್ ಮೀಟರ್ ಅಥವಾ ಟ್ರಾನ್ಸ್‌ಮಿಟರ್‌ನಲ್ಲಿಯೇ ಇರುವ ಟೆಸ್ಟ್ ಟರ್ಮಿನಲ್‌ಗಳು ಸೂಕ್ತ.

ಥರ್ಮೋಕಪಲ್ ಮತ್ತು ಆರ್‌ಟಿಡಿ ಎಂಬ ಉಷ್ಣತಾ ಸಂವೇದಕಗಳ ಕ್ಯಾಲಿಬ್ರೇಶನ್‌ಗೂ ಇದು ಆಗದು. ಇದು ಇಂಟ್ರಿನ್ಸಿಕಲಿ ಸೇಫ್ (ಕಿಡಿಯಿಂದ ಅನಿಲ ಹೊತ್ತಿಕೊಳ್ಳದಂತೆ ರೂಪಿಸಿದ) ಉಪಕರಣವಲ್ಲವಾದ್ದರಿಂದ, ಜನರೇಟರ್ ತಂಪಾಗಿಸುವ ಹೈಡ್ರೋಜನ್ ಸೋರಿರಬಹುದಾದ ಸ್ಥಳಗಳಿಗೆ ಒಯ್ಯಲೇಬಾರದು. ಬ್ಯಾಟರಿಯ ವಿಷಯದಲ್ಲಿ, ಅಳೆಯುವಾಗ ಬಹಳ ಕಾಲ ಬರುವ ನಾಲ್ಕು ಎಎ ಸೆಲ್‌ಗಳು ಪ್ರವಾಹ ಕೊಡುವ ಕೆಲಸದಲ್ಲಿ ಬೇಗ ಇಳಿಯುತ್ತವೆ. ಶಟ್‌ಡೌನ್ ದಿನಗಳಲ್ಲಿ ನಾಲ್ಕು ಸೆಲ್‌ಗಳ ಒಂದು ಸೆಟ್ ಹೆಚ್ಚಿಗೆ ಇರಲಿ.

ಸಾಮಾನ್ಯ ಮಲ್ಟಿಮೀಟರ್‌ಗಿಂತ ಹಲವು ಪಟ್ಟು ದುಬಾರಿಯಾದ ಇದನ್ನು ಕೇವಲ ಎಲೆಕ್ಟ್ರಿಕಲ್ ಕೆಲಸ ಮಾಡುವವರು ಕೊಳ್ಳುವ ಅಗತ್ಯವಿಲ್ಲ. ಲೂಪ್ ಕೆಲಸ ಇರುವವರು ವಿಭಾಗದ ಮೂಲಕ ಖರೀದಿಗೆ ಬೇಡಿಕೆ ಸಲ್ಲಿಸುವಾಗ, ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯದ ಕ್ಯಾಲಿಬ್ರೇಶನ್ ಪ್ರಮಾಣಪತ್ರವನ್ನೂ ಅದರಲ್ಲಿಯೇ ಸೇರಿಸಿ ಕೇಳಬೇಕು. ಅದಿಲ್ಲದೆ ಬಂದ ಮೀಟರ್‌ನಿಂದ ಮಾಡಿದ ದಾಖಲೆಗಳನ್ನು ಆಡಿಟ್‌ನವರು ಒಪ್ಪದಿರಬಹುದು.