ಅಡಿಕೆ ಅಂಗಡಿಗೆ ಸ್ಯಾಟಲೈಟ್ ಇಂಟರ್ನೆಟ್: ಡೇಟಾ ಮುಗಿದ ಮೇಲೆ ಎಷ್ಟು ವೇಗ ಕೊಡ್ತೀರಿ?

ಶಿರಸಿಯಿಂದ ವಾನಳ್ಳಿ ಕಡೆಯ ಕಣಿವೆಯಲ್ಲಿ ನಮ್ಮ ಅಡಿಕೆ ಖರೀದಿ ಅಂಗಡಿ. ಮೊಬೈಲ್ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು, ಫೈಬರ್ ಇನ್ನೂ ಬಂದಿಲ್ಲ. ಹಾಗಾಗಿ ಉಪಗ್ರಹದಿಂದ ಇಂಟರ್ನೆಟ್ ಕೊಡುವ ವಿಸ್ಯಾಟ್ ಡಿಶ್ ಹಾಕಿಸಿ ಕೆಲವು ವರ್ಷವಾಯಿತು.

ತಿಂಗಳ ಮೊದಲರ್ಧ ದೂರಿಲ್ಲ. ಟ್ಯಾಲಿ, ಯುಪಿಐ, ಬ್ಯಾಂಕ್ ಎಲ್ಲ ನಡೆಯುತ್ತದೆ. ‘ಅನ್‌ಲಿಮಿಟೆಡ್’ ಎಂದು ಮಾರಿದ ಈ ಪ್ಲ್ಯಾನಿನಲ್ಲಿ ಎಫ್‌ಯುಪಿ ಮಿತಿ (ಪೂರ್ತಿ ವೇಗದಲ್ಲಿ ಸಿಗುವ ತಿಂಗಳ ಡೇಟಾ) ದಾಟಿದ ಕೂಡಲೇ ವೇಗ ನೆಲ ಕಚ್ಚುತ್ತದೆ. ದೂರು ಕೊಟ್ಟರೆ, ‘ಸಂಪರ್ಕ ಕಡಿದಿಲ್ಲವಲ್ಲ ಸರ್’ ಎಂಬ ಉತ್ತರ.

ಚಾಲಿ (ಒಣಗಿಸಿ ಸುಲಿದ ಅಡಿಕೆ) ಮೂಟೆ ತುಂಬಿದ ಲಾರಿ ಅಂಗಳದಲ್ಲಿ ನಿಂತಿರುತ್ತದೆ. ₹50,000 ಮೀರಿದ ಮಾಲು ಇ-ವೇ ಬಿಲ್ (ಸರಕು ಸಾಗಿಸಲು ಆನ್‌ಲೈನಿನಲ್ಲಿ ಮಾಡುವ ಜಿಎಸ್‌ಟಿ ಪತ್ರ) ಇಲ್ಲದೆ ಹೊರಡುವಂತಿಲ್ಲ. ಲಾರಿ ನಂಬರ್ ಹಾಕಿ ಬಟನ್ ಒತ್ತಿದರೆ ಪರದೆ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಆಮೇಲೆ ಸೆಷನ್ ಮುಗಿಯಿತು, ಮತ್ತೆ ಲಾಗಿನ್ ಆಗಿ ಅನ್ನುತ್ತದೆ. ‘ಹೆಗಡೇರೇ, ಘಟ್ಟ ಇಳಿಯೋದ್ರೊಳಗೆ ಕತ್ಲಾಗ್ತದೆ’ ಎಂದು ಡ್ರೈವರ್ ಬಾಗಿಲಿಗೆ ಬಂದು ನಿಲ್ಲುತ್ತಾನೆ.

ಉಪಗ್ರಹ ಇರುವುದು ಸುಮಾರು 35,786 ಕಿ.ಮೀ. ಮೇಲೆ. ಒಂದು ಸಲ ಕೇಳಿ ಉತ್ತರ ಬರಲು ಅರ್ಧ ಸೆಕೆಂಡಿಗಿಂತ ಹೆಚ್ಚು ಬೇಕು. ಅದಕ್ಕೆ ಕಂಪನಿಯನ್ನು ದೂರುವುದಿಲ್ಲ. ಆಷಾಢದ ಜಡಿಮಳೆಗೆ ಡಿಶ್ ಬಳಸುವ ಕೆಯು ಬ್ಯಾಂಡ್ ರೇಡಿಯೋ ತರಂಗದ ಸಿಗ್ನಲ್ ಕುಗ್ಗುವುದೂ ಸಹಜ. ಆದರೆ ಚುರುಚುರು ಬಿಸಿಲಲ್ಲಿ, ಸಿಗ್ನಲ್ ಪೂರ್ತಿ ಇರುವಾಗ, ದುಡ್ಡು ಕೊಟ್ಟ ಗಿರಾಕಿಯ ವೇಗ ಕತ್ತರಿಸುವುದು ಕಂಪನಿಯದೇ ತೀರ್ಮಾನ.

ಡೇಟಾ ನುಂಗುವುದು ಬಿಲ್ಲುಗಳಲ್ಲ. ವಿಂಡೋಸ್ ಅಪ್‌ಡೇಟ್, ಕ್ಲೌಡಿಗೆ ಹೋಗುವ ಸಿಸಿ ಕ್ಯಾಮೆರಾ, ವೈಫೈ ಸಿಕ್ಕೊಡನೆ ಶುರುವಾಗುವ ಫೋನುಗಳ ಫೋಟೋ ಬ್ಯಾಕಪ್. ನಾವು ಬಿಲ್ಲಿಂಗ್ ಕಂಪ್ಯೂಟರಿಗೆ ಡೇಟಾ ಬಳಕೆ ತಗ್ಗಿಸುವ ‘ಮೀಟರ್ಡ್ ಕನೆಕ್ಷನ್’ ಸೆಟ್ಟಿಂಗ್ ಹಾಕಿ, ಕ್ಯಾಮೆರಾ ರೆಕಾರ್ಡಿಂಗನ್ನು ಅಂಗಡಿಯ ಡಿವಿಆರ್‌ನಲ್ಲೇ ಉಳಿಸಿ, ಫೋನುಗಳನ್ನು ವೈಫೈಯಿಂದ ತೆಗೆದೆವು. ದೊಡ್ಡ ವ್ಯತ್ಯಾಸವಾಯಿತು. ಆದರೂ ಚಾಲಿ ವ್ಯಾಪಾರದ ಭರಾಟೆಯಲ್ಲಿ ತಿಂಗಳ ಕೊನೆಯವರೆಗೆ ಸಾಲುವುದಿಲ್ಲ.

ವ್ಯಾಪಾರಕ್ಕೆ ತೆಗೆದುಕೊಳ್ಳುವವರು ಗರಿಷ್ಠ ವೇಗದ ಮಾತು ಬಿಡಿ. ಮಿತಿಯ ನಂತರ ಎಷ್ಟು ವೇಗ, ಅಪ್‌ಲೋಡೂ ಲೆಕ್ಕಕ್ಕಿದೆಯೇ, ಹೆಚ್ಚುವರಿ ಡೇಟಾ ಆ ಕ್ಷಣವೇ ಸಿಗುತ್ತದೆಯೇ ಎಂದು ಬರಹದಲ್ಲಿ ಪಡೆಯಿರಿ. ಸಿಐಆರ್, ಅಂದರೆ ಕನಿಷ್ಠ ಇಷ್ಟು ವೇಗ ಕೊಟ್ಟೇ ಕೊಡುತ್ತೇವೆಂಬ ಖಾತರಿ ಇರುವ ಪ್ಲ್ಯಾನ್ ದುಬಾರಿ. ಲಾರಿ ನಿಲ್ಲಿಸಿಕೊಂಡು ಕೂರುವ ನಮ್ಮಂಥವರಿಗೆ ಅದೇ ಸರಿ. ಈ ಸಲ ನವೀಕರಣಕ್ಕೆ ಅದನ್ನೇ ಕೇಳಿದ್ದೇನೆ. ಕೊಡದಿದ್ದರೆ ಬೇರೆ ಕಂಪನಿ ನೋಡುತ್ತೇನೆ.